ಊರಿನ ಸರ್ಕಾರಿ ಹೈಸ್ಕೂಲಾ, ಪಟ್ಟಣದ ಇಂಗ್ಲಿಷ್ ಮೀಡಿಯಮ್ಮಾ?

ನನ್ನ ಮಗಳು ಊರಿನ ಸರ್ಕಾರಿ ಹೈಸ್ಕೂಲಿನಲ್ಲೇ ಎಸ್ಸೆಸ್ಸೆಲ್ಸಿ ಮುಗಿಸಿದಳು. ಅಣ್ಣನ ಮಗ ಏಳನೇ ಕ್ಲಾಸಿನವರೆಗೆ ಅವಳ ಜೊತೆಗೇ ಓದಿ, ಎಂಟಕ್ಕೆ ಪಟ್ಟಣದ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆ ಸೇರಿದ. ಒಂದೇ ಮನೆಯ ಮಕ್ಕಳು. ಇಬ್ಬರ ಶಾಲೆ ಕೆಲಸಕ್ಕೂ ಓಡಾಡಿದವನು ನಾನೇ. ಕೊಪ್ಪಳ ಜಿಲ್ಲೆಯ ನಮ್ಮಂಥ ಹಳ್ಳಿಯವರು ಯಾರೇ ಕೇಳಿದರೂ ಊರಿನ ಹೈಸ್ಕೂಲೇ ಸಾಕು ಅಂತ ಹೇಳುತ್ತೇನೆ.

ಫೀಸಿಗಿಂತ ದೊಡ್ಡ ಕಾರಣ ಒಂದು ಪ್ರಮಾಣಪತ್ರ, ಎಲ್ಲಿ ಓದಿದ್ದು, ಯಾವ ಮಾಧ್ಯಮದಲ್ಲಿ ಓದಿದ್ದು ಅಂತ ಶಾಲೆ ಕೊಡುವಂಥದ್ದು. ಎಂಜಿನಿಯರಿಂಗ್‌ನಂಥ ವೃತ್ತಿಪರ ಕೋರ್ಸಿನ ಸಿಇಟಿ ಸೀಟುಗಳಲ್ಲಿ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗಿನ ಪೂರ್ತಿ ಓದು ಬೇಕು. ನಡುವೆ ಒಂದು ವರ್ಷವೂ ತಪ್ಪುವ ಹಾಗಿಲ್ಲ. ಫಾರಂ ನೋಡಿದರೆ ಗೊತ್ತಾಗುತ್ತದೆ: ಯಾವ ತರಗತಿ, ಯಾವ ವರ್ಷ, ಯಾವ ಶಾಲೆ, ಯಾವ ಊರು ಅಂತ ಸಾಲುಸಾಲಾಗಿ ತುಂಬಬೇಕು. ಹೆಡ್‌ಮಾಸ್ಟರ್ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೇಲುಸಹಿ.

ಮಗಳ ಫಾರಂನಲ್ಲಿ ಮೇಲಿಂದ ಕೆಳಗಿನವರೆಗೆ ನಮ್ಮೂರೇ. ಅಣ್ಣನ ಮಗನದ್ದು ಏಳು ಸಾಲು ನಮ್ಮೂರು, ಆಮೇಲೆ ಮೂರು ಸಾಲು ಪಟ್ಟಣ. ಪುರಸಭೆ ವ್ಯಾಪ್ತಿ ಗ್ರಾಮೀಣ ಅಲ್ಲ, ಆ ಮೀಸಲಾತಿ ಹೋಯಿತು. ಮೀಡಿಯಂ ಬದಲಾದದ್ದಕ್ಕೆ ಕನ್ನಡ ಮಾಧ್ಯಮದ್ದೂ ಹೋಯಿತು. ಸರ್ಕಾರಿ ನೌಕರಿಗೆ ಅರ್ಜಿ ಹಾಕುವಾಗಲೂ ಇದೇ ತೊಡಕು. ಅಡ್ಮಿಷನ್ ದಿನ ಆ ಶಾಲೆಯವರು ವ್ಯಾನಿನ ರೂಟು, ಯೂನಿಫಾರಂ, ಕಂತು ಎಲ್ಲ ವಿವರಿಸಿದರು. ಮೀಸಲಾತಿ ಹೋಗುವ ಬಗ್ಗೆ ಮಾತ್ರ ತುಟಿ ಬಿಚ್ಚಲಿಲ್ಲ. ಹೊಲದಲ್ಲಿ ದುಡಿದು ಫೀಸು ಕಟ್ಟುವವರಿಗೆ ಇದನ್ನು ಮೊದಲೇ ಹೇಳಬೇಕಿತ್ತು, ಅಲ್ವಾ? ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನ ಕೊಟ್ಟ 371(ಜೆ) ವಿಶೇಷ ಸೌಲಭ್ಯ ಇಬ್ಬರಿಗೂ ಇದೆ, ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು ಸ್ಥಳೀಯರಿಗೇ. ಆದರೆ ಅಲ್ಲಿ ಪೈಪೋಟಿ ನಮ್ಮ ನಮ್ಮ ಮಕ್ಕಳ ನಡುವೆಯೇ. ಆಗ ಈ ಪ್ರಮಾಣಪತ್ರದ ಬೆಲೆ ಇನ್ನೂ ಜಾಸ್ತಿ.

ಫಲಿತಾಂಶದಲ್ಲಿ ಖಾಸಗಿಯೇ ಮುಂದೆ. ಆದರೆ ಯಾರನ್ನು ಸೇರಿಸಿಕೊಂಡು ಬಂದ ಫಲಿತಾಂಶ ಅದು? ಮಗಳ ಕ್ಲಾಸಿನಲ್ಲಿ ಹುಡುಗಿಯರೇ ಜಾಸ್ತಿ, ಏಕೆಂದರೆ ಅನುಕೂಲ ಇದ್ದವರು ಗಂಡುಮಕ್ಕಳನ್ನು ಪಟ್ಟಣಕ್ಕೆ ಕಳಿಸುತ್ತಾರೆ. ತಾಂಡಾದ ಮಕ್ಕಳಿದ್ದರು. ಅಪ್ಪ-ಅಮ್ಮ ಗುಳೆ ಹೋಗಿ ಅಜ್ಜಿ ಜೊತೆ ಉಳಿದವರಿದ್ದರು. ಮೆಣಸಿನಕಾಯಿ ಬಿಡಿಸುವ ಹೊತ್ತಿಗೆ ಹಿಂದಿನ ಬೆಂಚು ಖಾಲಿ. ಸರ್ಕಾರಿ ಶಾಲೆ ಯಾರನ್ನೂ ಬೇಡ ಅನ್ನುವುದಿಲ್ಲ. ಖಾಸಗಿಯಲ್ಲಿ ಒಂಬತ್ತಕ್ಕೇ ಓದಿನಲ್ಲಿ ಹಿಂದೆ ಬಿದ್ದವರಿಗೆ ಟಿಸಿ ಕೊಟ್ಟು ಕಳಿಸಿದ್ದನ್ನು ನೋಡಿದ್ದೇನೆ. 2024ರಲ್ಲಿ ನಕಲು ತಡೆಯಲು ವೆಬ್‌ಕಾಸ್ಟಿಂಗ್ (ಕೊಠಡಿಯ ಕ್ಯಾಮೆರಾ ದೃಶ್ಯ ನೇರ ನೋಡುವುದು) ಇಟ್ಟು ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸಿದಾಗ, ಹೆಚ್ಚುವರಿ ಕೃಪಾಂಕ ಕೊಟ್ಟರೂ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಹಿಂದಿನ ವರ್ಷ ಶೇ 83.89 ಇತ್ತು. ಹಾಗಾಗಿ ಸುಮ್ನೆ ಶೇಕಡಾವಾರು ನೋಡಿ ಶಾಲೆಗೆ ಬೆಲೆ ಕಟ್ಟಬಾರದು.

ಇಂಗ್ಲಿಷ್ ಮಾತಿನಲ್ಲಿ ಅಣ್ಣನ ಮಗ ಮುಂದೆ. ಕಟ್ಟಡ, ಶೌಚಾಲಯವೂ ಅಲ್ಲೇ ಚೆನ್ನ.

ಸರ್ಕಾರಿ ಶಾಲೆಯ ನಿಜವಾದ ಕೊರತೆ ಗಣಿತದ ಮೇಷ್ಟ್ರು. ಹುದ್ದೆ ಖಾಲಿ ಇತ್ತು, ಅತಿಥಿ ಶಿಕ್ಷಕರು ಬರುವ ಹೊತ್ತಿಗೆ ಎರಡು ಪಾಠ ಹಿಂದೆ ಬಿದ್ದಿತ್ತು. ಮಗಳನ್ನು ಸಂಜೆ ಟ್ಯೂಷನ್ನಿಗೆ ಹಾಕಿದೆ. ಅದರ ಖರ್ಚು ಪಟ್ಟಣದ ಶಾಲೆಯ ವ್ಯಾನಿಗೆ ಕೊಡುವುದಕ್ಕಿಂತ ಕಡಿಮೆ.

ನಮ್ಮದು ಮಳೆ ನಂಬಿದ ಹೊಲ, ಜೂನ್ ತಿಂಗಳಲ್ಲಿ ಬೀಜ ಗೊಬ್ಬರಕ್ಕೇ ದುಡ್ಡು ಸಾಲದು. ಆಗಲೇ ಫೀಸಿನ ಕಂತೂ ಬರುತ್ತದೆ. ಮೊದಲಿನಿಂದಲೂ ಪಟ್ಟಣದಲ್ಲೇ ಇಂಗ್ಲಿಷ್ ಮೀಡಿಯಂ ಓದಿದ ಮಗುವಾದರೆ ಅಲ್ಲೇ ಮುಂದುವರಿಸಿ. ಏಳರವರೆಗೆ ಊರಲ್ಲಿ ಓದಿದ್ದರೆ ಇನ್ನು ಮೂರು ವರ್ಷ ಊರಲ್ಲೇ ಬಿಡಿ, ಉಳಿದ ದುಡ್ಡು ಪಿಯುಸಿಗೆ ಇಡಿ.