ಹಿಂದಿನಿಂದ ತೆರೆಯಬೇಕಾದ ನಿಘಂಟು: ಕಾಲಿನ್ಸ್ ಕೋಬಿಲ್ಡ್ ಫ್ರೇಸಲ್ ವರ್ಬ್ಸ್

ಇಂಗ್ಲೆಂಡಿನ ಆಸ್ಪತ್ರೆಗಳಿಗೆ ಹೊರಟ ನರ್ಸುಗಳಿಗೆ ಮಂಗಳೂರಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ವೈದ್ಯಕೀಯ ಪದಗಳು ಅವರಿಗೆ ನೀರು ಕುಡಿದಷ್ಟು ಸಲೀಸು. ತೊಡಕಾಗುವುದು ರೋಗಿಗಳ ಮಾತು. ಅಲ್ಲಿನ ಅಜ್ಜಿಯೊಬ್ಬರು ‘ಐ ಪಾಸ್ಡ್ ಔಟ್’ ಅಂದರೆ ಪ್ರಜ್ಞೆ ತಪ್ಪಿತ್ತು ಎಂದರ್ಥ. ನಮ್ಮಲ್ಲಿ ಪಾಸ್ ಔಟ್ ಆಗುವುದು ಕಾಲೇಜಿನಿಂದ. ‘ಥ್ರೋ ಅಪ್’ ಅಂದರೆ ವಾಂತಿ, ‘ಕಮ್ ರೌಂಡ್’ ಅಂದರೆ ಎಚ್ಚರವಾಗುವುದು. ಪಾಸ್, ಥ್ರೋ, ಕಮ್ ಯಾರಿಗೆ ಗೊತ್ತಿಲ್ಲ? ಪಕ್ಕದ ಪುಟ್ಟ ಪದವೇ ಅರ್ಥವನ್ನು ಬೇರೆಲ್ಲಿಗೋ ಒಯ್ಯುತ್ತದೆ. ಕ್ರಿಯಾಪದ ಮತ್ತು ಪುಟ್ಟ ಪದದ ಇಂಥ ಜೋಡಿಯೇ ‘ಫ್ರೇಸಲ್ ವರ್ಬ್’.

ಇದಕ್ಕೆ ನಾನು ನೆಚ್ಚಿಕೊಂಡಿರುವುದು 1989ರಲ್ಲಿ ಮೊದಲು ಬಂದ ಈ ನಿಘಂಟನ್ನು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಭಾಷಾತಜ್ಞ ಜಾನ್ ಸಿಂಕ್ಲೇರ್ ಮುಂದಾಳತ್ವದಲ್ಲಿ, ಜನ ನಿಜವಾಗಿ ಬರೆದ, ಆಡಿದ ಇಂಗ್ಲಿಷನ್ನು ಕಂಪ್ಯೂಟರಿಗೆ ತುಂಬಿ ನಡೆಸಿದ ಕೆಲಸದಿಂದ ಹುಟ್ಟಿದ್ದು. ಅರ್ಥ ವಿವರಣೆಯೂ ಪೂರ್ತಿ ವಾಕ್ಯದಲ್ಲೇ ಇರುತ್ತದೆ.

ಇದರ ನಿಜವಾದ ಬೆಲೆ ಕೊನೆಯ ಪುಟಗಳ ‘ಪಾರ್ಟಿಕಲ್ಸ್ ಇಂಡೆಕ್ಸ್’ನಲ್ಲಿ, ಅಂದರೆ ಆ ಪುಟ್ಟ ಪದಗಳ ಪಟ್ಟಿಯಲ್ಲಿದೆ. ಅಲ್ಲಿ ಕ್ರಿಯಾಪದಗಳನ್ನು ಬದಿಗಿಟ್ಟು ಅಪ್, ಔಟ್, ಆಫ್, ಡೌನ್‌ಗಳನ್ನೇ ಕೈಗೆತ್ತಿಕೊಂಡು, ಒಂದೊಂದರ ಅರ್ಥಗಳನ್ನೂ ಗುಂಪು ಮಾಡಿದ್ದಾರೆ. ಅಪ್ ಅಂದರೆ ಮೇಲಕ್ಕೆ ಎಂದಷ್ಟೇ ಕಲಿತವರು ‘ಡ್ರಿಂಕ್ ಅಪ್’, ‘ಯೂಸ್ ಅಪ್’ ಎದುರಾದಾಗ ತಡವರಿಸುತ್ತಾರೆ. ಮುಗಿಸುವುದು, ಪೂರ್ತಿಯಾಗುವುದು ಎಂಬ ಗುಂಪಿನಲ್ಲಿ ಅಂಥವನ್ನೆಲ್ಲ ಒಟ್ಟಿಗೆ ನೋಡಿದರೆ ಬಾಯಿಪಾಠ ಬೇಕಾಗುವುದಿಲ್ಲ. ‘ಕುಡಿದ’, ‘ಕುಡಿದುಬಿಟ್ಟ’ ಎಂದು ದಿನವೂ ಬೇರ್ಪಡಿಸುವ ನಮಗೆ ಈ ಜಾಡು ಬೇಗ ಹತ್ತುತ್ತದೆ.

ಆದರೆ ಎಲ್ಲವೂ ಗುಂಪಿಗೆ ಬಗ್ಗುವುದಿಲ್ಲ. ‘ವೇರ್ ಆಫ್’ ಸುಲಭ: ಅರಿವಳಿಕೆಯ ಪರಿಣಾಮ ಮೆಲ್ಲಗೆ ಇಳಿಯುವುದು. ‘ದಿ ಅಲಾರಂ ವೆಂಟ್ ಆಫ್’ ಮಾತ್ರ ಅಪಾಯಕಾರಿ. ಲೈಟ್ ಆಫ್, ಫ್ಯಾನ್ ಆಫ್ ಅನ್ನುವ ನಮ್ಮ ಕಿವಿಗೆ ಅಲಾರಂ ನಿಂತಿತು ಅಂತ ಕೇಳಿಸುತ್ತದೆ; ಅವರು ಹೇಳುತ್ತಿರುವುದು ಅದು ಬಡಿದುಕೊಂಡಿತು ಅಂತ! ಐಸಿಯುನಲ್ಲಿ ಈ ಗೊಂದಲ ಸಲ್ಲದು. ಇಂಥವಕ್ಕೆ ನಿಘಂಟಿನ ಮುಖ್ಯ ಭಾಗಕ್ಕೇ ಹೋಗಿ, ‘ಗೋ ಆಫ್’ನ ಅಷ್ಟೂ ಅರ್ಥಗಳನ್ನು ಉದಾಹರಣೆ ಸಮೇತ ಓದಬೇಕು. ಹಾಲು ಕೆಡುವುದಕ್ಕೂ ಅದೇ ಪದ.

ವಿವರಣೆಯೆಲ್ಲ ಇಂಗ್ಲಿಷಿನಲ್ಲೇ ಇರುವುದರಿಂದ ಈಗಷ್ಟೇ ಕಲಿಯಲು ತೊಡಗಿದವರಿಗೆ ಇದನ್ನು ಕೊಡಬೇಡಿ, ಬೆದರಿಬಿಡುತ್ತಾರೆ. ಇಂಗ್ಲಿಷ್ ಪತ್ರಿಕೆ ಓದಬಲ್ಲವರು ಧಾರಾಳವಾಗಿ ಕೊಳ್ಳಬಹುದು. ಸೆಕೆಂಡ್ ಹ್ಯಾಂಡ್ ಪ್ರತಿಯಾದರೂ ನಡೆಯುತ್ತದೆ, ಕೊನೆಯ ಇಂಡೆಕ್ಸ್ ಪುಟಗಳು ಹರಿದಿಲ್ಲ ತಾನೇ ಎಂದು ನೋಡಿ ತೆಗೆದುಕೊಳ್ಳಿ.