ಎರಡು ಸೆಟ್ ಚಕ್ರ, ಒಂದೇ ನಂಬರ್: ಕಾಪಿ ಮಾಡಿಸಿದ ಟಿಪಿಎಂಎಸ್ ಸೆನ್ಸರ್‌ಗಳನ್ನು ವರ್ಷಗಟ್ಟಲೆ ಬಳಸಿದ ಮೇಲೆ

ನನ್ನ ಕಾರಿಗೆ ಎರಡು ಸೆಟ್ ಚಕ್ರಗಳಿವೆ. ಕಾರಿನ ಜೊತೆ ಬಂದ ರಿಮ್‌ಗಳಲ್ಲಿ ಮಾಮೂಲಿ ಟೈರು, ಆಮೇಲೆ ಕೊಂಡ ರಿಮ್‌ಗಳಲ್ಲಿ ಚಳಿಗಾಲದ ಟೈರು. ಕಂಪನಿಯವರು ಟೈರಿನ ಗಾಳಿಯ ಒತ್ತಡ ಅಳೆಯುವ ಸೆನ್ಸರ್ (ಟಿಪಿಎಂಎಸ್ ಅನ್ನುವುದು ಇದಕ್ಕೇ) ಕೊಟ್ಟಿದ್ದು ಮೊದಲ ಸೆಟ್‌ಗೆ ಮಾತ್ರ. ಎರಡನೇ ಸೆಟ್‌ಗೆ ಪ್ರೋಗ್ರಾಂ ಮಾಡಬಹುದಾದ ಸೆನ್ಸರ್‌ಗಳನ್ನು ಬೇರೆಯಾಗಿ ಕೊಂಡು, ಹಳೆಯವುಗಳ ಗುರುತಿನ ನಂಬರನ್ನೇ ಅವುಗಳಿಗೆ ಕಾಪಿ ಮಾಡಿಸಿ ಹಾಕಿಸಿದೆ. ಆಗಿನಿಂದ ಚಕ್ರ ಬದಲಿಸುವ ಕೆಲಸ ಎಷ್ಟು ಹಗುರವಾಗಿದೆ ಎಂದರೆ, ಜ್ಯಾಕ್ ಇಳಿಸಿ, ನಟ್ ಬಿಗಿ ಮಾಡಿ, ಕಾರು ಓಡಿಸುವುದಷ್ಟೇ. ಡ್ಯಾಶ್‌ಬೋರ್ಡ್‌ನಲ್ಲಿ ನಾಲ್ಕೂ ಟೈರಿನ ಅಂಕಿ ತಾನಾಗಿ ಬರುತ್ತದೆ. ಖರ್ಚು ಮಾಡಿದ್ದಕ್ಕೆ ಖಂಡಿತ ತೃಪ್ತಿ ಇದೆ. ಆದರೆ ಈ ವ್ಯವಸ್ಥೆ ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯದೆ ಕೊಂಡರೆ ದುಡ್ಡು ದಂಡ ಆಗುವ ಸಾಧ್ಯತೆಯೂ ಅಷ್ಟೇ ಇದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಪ್ರತಿ ಚಕ್ರದ ಒಳಗೆ, ವಾಲ್ವ್‌ನ ಬುಡಕ್ಕೆ ಒಂದು ಚಿಕ್ಕ ಪೆಟ್ಟಿಗೆ ಕೂತಿರುತ್ತದೆ. ಅದರಲ್ಲಿ ಒತ್ತಡ ಮತ್ತು ಉಷ್ಣತೆ ಅಳೆಯುವ ಚಿಪ್, ಚಕ್ರ ತಿರುಗುತ್ತಿದೆಯೇ ಎಂದು ಗುರುತಿಸುವ ಭಾಗ, ಒಂದು ಲಿಥಿಯಂ ಬ್ಯಾಟರಿ ಮತ್ತು ಪುಟ್ಟ ರೇಡಿಯೋ ಇರುತ್ತವೆ. ಈ ರೇಡಿಯೋ ಕೆಲವು ದೇಶಗಳ ಕಾರುಗಳಲ್ಲಿ 315 ಮೆಗಾಹರ್ಟ್ಜ್‌ನಲ್ಲಿ, ಇನ್ನು ಕೆಲವು ಕಡೆ 433 ಮೆಗಾಹರ್ಟ್ಜ್‌ನಲ್ಲಿ ಮಾತಾಡುತ್ತದೆ. ಕೊಳ್ಳುವಾಗ ಮೊದಲು ನೋಡಬೇಕಾದ್ದು ಇದನ್ನೇ. ರಿಮ್‌ಗೆ ಸರಿಯಾಗಿ ಕೂತರೂ ಫ್ರೀಕ್ವೆನ್ಸಿ ಬೇರೆಯಾದರೆ ಕಾರಿಗೆ ಏನೂ ಕೇಳಿಸುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಬೇರೆ ದೇಶದಿಂದ ತರಿಸುವವರು ಇಲ್ಲೇ ಎಡವುತ್ತಾರೆ.

ಕಾರು ನಿಂತಿರುವಾಗ ಸೆನ್ಸರ್ ಬಹುಪಾಲು ಮಲಗಿರುತ್ತದೆ. ಚಕ್ರ ತಿರುಗಲು ಶುರುವಾದ ಮೇಲೆ ಎದ್ದು, ಸುಮಾರು ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತದೆ. ಗಾಳಿ ಇದ್ದಕ್ಕಿದ್ದಂತೆ ಇಳಿದರೆ ಸರದಿಗೆ ಕಾಯದೆ ತಕ್ಷಣ ಕಳಿಸುತ್ತದೆ. ಪ್ರತಿ ಸಲವೂ ತನ್ನದೇ ಆದ ಒಂದು ಗುರುತಿನ ನಂಬರ್ ಸೇರಿಸಿ ಕಳಿಸುತ್ತದೆ. ಚಕ್ರ ಬದಲಿಸುವಾಗ ಬರುವ ತೊಂದರೆಗಳೆಲ್ಲ ಹುಟ್ಟುವುದು ಈ ನಂಬರಿನಿಂದ. ಶಾಲೆಯ ಹಾಜರಿ ಪುಸ್ತಕದ ಹಾಗೆ ಕಾರಿನ ಕಂಪ್ಯೂಟರ್‌ನಲ್ಲಿ ನಾಲ್ಕು ನಂಬರ್ ಬರೆದಿರುತ್ತದೆ. ಪುಸ್ತಕದಲ್ಲಿ ಇಲ್ಲದವರು ಎಷ್ಟು ಕೂಗಿದರೂ ಹಾಜರಿ ಬೀಳುವುದಿಲ್ಲ. ಹೀಗಿರಲೇಬೇಕು, ಅಲ್ವಾ? ಇಲ್ಲದಿದ್ದರೆ ಸಿಗ್ನಲ್‌ನಲ್ಲಿ ಪಕ್ಕ ನಿಂತ ಕಾರಿನ ಟೈರಿನ ಗಾಳಿ ನಮ್ಮ ಪರದೆ ಮೇಲೆ ಬರುತ್ತಿತ್ತು.

ಹೊಸ ಸೆಟ್ ಹಾಕಿ ಹೊರಟರೆ ಏನಾಗುತ್ತದೆ? ಪಟ್ಟಿಯಲ್ಲಿರುವ ನಂಬರ್‌ಗಳಿಗಾಗಿ ಕಾರು ಸ್ವಲ್ಪ ಹೊತ್ತು ಕಾಯುತ್ತದೆ. ಯಾರೂ ಉತ್ತರ ಕೊಡದಿದ್ದಾಗ ಎಚ್ಚರಿಕೆ ದೀಪ ಮಿನುಗುತ್ತದೆ. ಟೈರನ್ನು ಅಡ್ಡಕ್ಕೆ ಕತ್ತರಿಸಿದಂತೆ ಕಾಣುವ ಚಿತ್ರ, ನಡುವೆ ಆಶ್ಚರ್ಯಸೂಚಕ ಚಿಹ್ನೆ ಇರುವ ದೀಪ ಅದು. ಸುಮಾರು ಒಂದು ನಿಮಿಷದಿಂದ ಒಂದೂವರೆ ನಿಮಿಷ ಮಿನುಗಿ ಆಮೇಲೆ ಹಾಗೇ ಉರಿಯುತ್ತಾ ನಿಂತರೆ ವ್ಯವಸ್ಥೆಯಲ್ಲೇ ದೋಷ ಇದೆ ಎಂದರ್ಥ. ಮಿನುಗದೆ ನೇರವಾಗಿ ಹತ್ತಿಕೊಂಡರೆ ಗಾಳಿ ಕಡಿಮೆಯಾಗಿದೆ ಎಂದರ್ಥ. ಈ ವ್ಯತ್ಯಾಸ ಎಷ್ಟೋ ಜನರಿಗೆ ಗೊತ್ತಿಲ್ಲ. ದೀಪ ಕಂಡ ಕೂಡಲೇ ಗಾಳಿ ತುಂಬಿಸಲು ಓಡುತ್ತಾರೆ, ದೀಪ ಹೋಗುವುದಿಲ್ಲ, ಆಮೇಲೆ ಇನ್ನೂ ಜಾಸ್ತಿ ತುಂಬಿಸುತ್ತಾರೆ.

ಹೊಸ ನಂಬರ್‌ಗಳನ್ನು ಪಟ್ಟಿಗೆ ಸೇರಿಸುವ ರೀತಿ ಕಾರಿಂದ ಕಾರಿಗೆ ಬೇರೆ. ಕೆಲವು ಕಾರುಗಳು ಹತ್ತಿಪ್ಪತ್ತು ನಿಮಿಷ ಓಡಿಸಿದರೆ ತಾವೇ ಕಲಿತುಕೊಳ್ಳುತ್ತವೆ. ಯಾವ ಸೆನ್ಸರ್ ಬಿಡದೆ ಜೊತೆಗೇ ಬರುತ್ತಿದೆ ಎಂದು ನೋಡಿ, ಎಬಿಎಸ್‌ನ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಚಕ್ರ ತಿರುಗುವ ಲೆಕ್ಕದ ಜೊತೆ ತಾಳೆ ಹಾಕಿ, ಯಾವುದು ಮುಂದೆ ಯಾವುದು ಹಿಂದೆ ಎಂದೂ ಕಂಡುಹಿಡಿಯುವ ಕಾರುಗಳಿವೆ. ಅಂಥ ಕಾರು ಇರುವವರು ಈ ವಿಮರ್ಶೆಯನ್ನು ಇಲ್ಲಿಗೇ ನಿಲ್ಲಿಸಬಹುದು, ಅವರಿಗೆ ಕಾಪಿ ಮಾಡಿಸುವ ಅಗತ್ಯವೇ ಇಲ್ಲ. ಇನ್ನು ಕೆಲವು ಕಾರುಗಳನ್ನು ಮೊದಲು ಕಲಿಕೆಯ ಸ್ಥಿತಿಗೆ ತಂದು, ಕೈಯಲ್ಲಿ ಹಿಡಿಯುವ ಒಂದು ಉಪಕರಣವನ್ನು ಒಂದೊಂದೇ ಟೈರಿನ ಪಕ್ಕ ಹಿಡಿದು ಹೇಳಿದ ಕ್ರಮದಲ್ಲಿ ಸೆನ್ಸರ್ ಎಬ್ಬಿಸಬೇಕು. ಈ ಉಪಕರಣ 125 ಕಿಲೋಹರ್ಟ್ಜ್‌ನ ಕಡಿಮೆ ದೂರದ ಸಂಕೇತ ಕಳಿಸುತ್ತದೆ. ಮಲಗಿದ್ದ ಸೆನ್ಸರ್ ಅದಕ್ಕೆ ಎದ್ದು ಉತ್ತರ ಕೊಡುತ್ತದೆ. ಮೂರನೇ ಬಗೆಯ ಕಾರುಗಳಲ್ಲಿ ಸ್ಟೀರಿಂಗ್ ಕೆಳಗಿನ ಡಯಾಗ್ನೋಸ್ಟಿಕ್ ಪೋರ್ಟ್‌ಗೆ ಯಂತ್ರ ಚುಚ್ಚಿ ನಂಬರ್ ಬರೆಯಬೇಕು. ನನ್ನದು ಈ ಮೂರನೇ ಗುಂಪಿನದು. ಪ್ರತಿ ಸಲ ಚಕ್ರ ಬದಲಿಸಿದಾಗಲೂ ಗ್ಯಾರೇಜ್‌ಗೆ ಹೋಗಿ ದುಡ್ಡು ಕೊಟ್ಟು ಬರೆಸಬೇಕಾಗಿತ್ತು.

ಕಾಪಿ ಮಾಡಿಸುವ ಉಪಾಯ ಇಲ್ಲಿ ಕೆಲಸಕ್ಕೆ ಬಂತು. ಟೈರ್ ಅಂಗಡಿಯವರು ಹಳೆ ಚಕ್ರದ ಸೆನ್ಸರನ್ನು ಉಪಕರಣದಿಂದ ಓದಿ, ಅದೇ ನಂಬರನ್ನು ಖಾಲಿ ಸೆನ್ಸರ್‌ಗೆ ಬರೆದರು. ಕಾರಿನ ಪಟ್ಟಿ ಮುಟ್ಟಲೇ ಇಲ್ಲ. ಕಾರಿಗೆ ಚಕ್ರ ಬದಲಾಗಿದ್ದೇ ಗೊತ್ತಾಗುವುದಿಲ್ಲ. ಒಂದು ಷರತ್ತು ಮಾತ್ರ ಇದೆ. ಯಾವ ಚಕ್ರದ ನಂಬರ್ ಕಾಪಿ ಮಾಡಿದೆವೋ ಹೊಸದು ಅದೇ ಜಾಗಕ್ಕೆ ಹೋಗಬೇಕು. ಮುಂದಿನ ಎಡಗಡೆಯದನ್ನು ಹಿಂದೆ ಹಾಕಿದರೆ ಅಂಕಿ ಸರಿಯಾಗಿಯೇ ಬರುತ್ತದೆ, ತೋರಿಸುವ ಜಾಗ ತಪ್ಪಾಗುತ್ತದೆ. ಪಂಚರ್ ಆದಾಗ ಒಳ್ಳೆ ಟೈರನ್ನು ಬಿಚ್ಚುತ್ತಾ ಕೂರಬೇಕಾಗುತ್ತದೆ. ನಾನು ಪ್ರತಿ ಟೈರಿನ ಒಳಬದಿಗೆ ಸೀಮೆಸುಣ್ಣದಲ್ಲಿ ಜಾಗ ಬರೆದಿಡುತ್ತೇನೆ.

ಇನ್ನೊಂದು ವಿಷಯವನ್ನು ಮಾರುವವರು ಯಾರೂ ಹೇಳಲಿಲ್ಲ. ಒಂದೇ ನಂಬರಿನ ಎರಡು ಸೆನ್ಸರ್‌ಗಳು ಈಗ ಜಗತ್ತಿನಲ್ಲಿವೆ. ಎತ್ತಿಟ್ಟ ಸೆಟ್ ತಿರುಗುವುದಿಲ್ಲ, ಹಾಗಾಗಿ ಹೆಚ್ಚಾಗಿ ಸುಮ್ನೆ ಇರುತ್ತದೆ. ಆದರೆ ಅದಕ್ಕೆ ಗಾಳಿ ತುಂಬಿಸಿದರೆ ಒತ್ತಡ ಬದಲಾದದ್ದಕ್ಕೆ ಎದ್ದು ಅಂಕಿ ಕಳಿಸುತ್ತದೆ. ಕಾರು ಪಕ್ಕದಲ್ಲೇ ಚಾಲೂ ಇದ್ದಾಗ ಹೀಗೆ ಗಾಳಿ ತುಂಬಿಸುತ್ತಿದ್ದರೆ ಡ್ಯಾಶ್‌ಬೋರ್ಡ್‌ನ ಅಂಕಿ ಏರಿ ಇಳಿಯುವುದನ್ನು ಕಣ್ಣಾರೆ ಕಂಡಿದ್ದೇನೆ. ಎರಡನೇ ಸೆಟ್ಟನ್ನು ಡಿಕ್ಕಿಯಲ್ಲಿ ಹೇರಿಕೊಂಡು ಹೋಗುವಾಗಲೂ ಪರದೆಯ ಅಂಕಿಯನ್ನು ಪೂರ್ತಿ ನಂಬಬಾರದು. ಕಾರಿಂದ ದೂರದ ಕೋಣೆಯಲ್ಲಿ ಎತ್ತಿಟ್ಟರೆ ಈ ಗೊಂದಲ ಇಲ್ಲ.

ನಿಖರತೆಯ ಬಗ್ಗೆ ದೂರಿಲ್ಲ. ನನ್ನ ಕೈ ಗೇಜಿಗೂ ಪರದೆಗೂ ಒಂದು ಪಿಎಸ್‌ಐ ಆಚೀಚೆ, ಅಷ್ಟೇ. ಕಂಪನಿಯ ಸೆನ್ಸರ್‌ಗಳದ್ದೂ ಇದೇ ಕಥೆ. ಚಳಿ ಬಿದ್ದ ಬೆಳಗ್ಗೆ ದೀಪ ಹತ್ತಿದರೆ ಸೆನ್ಸರನ್ನು ಬೈಯಬೇಡಿ. ಹವೆ 10 ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಟೈರಿನಲ್ಲಿ ಒಂದೂವರೆಯಿಂದ ಎರಡು ಪಿಎಸ್‌ಐ ಇಳಿಯುತ್ತದೆ. ಬೆಚ್ಚಗಿನ ಕೋಣೆಯಲ್ಲಿ 33 ತುಂಬಿಸಿದ ಚಕ್ರ ಹೊರಗಿನ ಚಳಿಯಲ್ಲಿ 31 ತೋರಿಸಿದರೆ ಅದು ಸರಿಯಾದ ಲೆಕ್ಕವೇ. ಚಕ್ರ ಬದಲಿಸಿದ ಮೇಲೆ, ಕಾರು ಹೊರಗೆ ಕೆಲವು ಗಂಟೆ ನಿಂತು ಟೈರು ತಣ್ಣಗಾದಾಗ ಗಾಳಿ ಸರಿಮಾಡುವುದು ಒಳ್ಳೆಯದು.

ದೀಪವನ್ನಷ್ಟೇ ನಂಬುವವರಿಗೆ ಒಂದು ಮಾತು. ಅಮೆರಿಕದಲ್ಲಿ 2000ರಲ್ಲಿ ಬಂದ ಟ್ರೆಡ್ ಎಂಬ ವಾಹನ ಸುರಕ್ಷತಾ ಕಾಯ್ದೆಯ ನಂತರ ಈ ವ್ಯವಸ್ಥೆ ಕಡ್ಡಾಯವಾಯಿತು, 2007ರ ಸೆಪ್ಟೆಂಬರ್ ಹೊತ್ತಿಗೆ ಅಲ್ಲಿನ ಹೊಸ ಲಘು ವಾಹನಗಳೆಲ್ಲ ಅದರಡಿ ಬಂದವು. ಅಲ್ಲಿನ ನಿಯಮದ ಪ್ರಕಾರ ಕಂಪನಿ ಹೇಳಿದ ಒತ್ತಡಕ್ಕಿಂತ 25% ಕಡಿಮೆಯಾದಾಗ ದೀಪ ಹತ್ತಿದರೆ ಸಾಕು. ಎಂದರೆ 33 ಇರಬೇಕಾದ ಟೈರು 25ರ ಹತ್ತಿರ ಬರುವ ತನಕ ದೀಪ ಸುಮ್ಮನಿರಬಹುದು. 29ಕ್ಕೆ ಇಳಿದಾಗಲೇ ಟೈರಿನ ಅಂಚು ಜಾಸ್ತಿ ಸವೆಯುತ್ತದೆ, ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ. ಅಂಕಿ ತೋರಿಸುವ ಪರದೆ ಇದ್ದರೆ ವಾರಕ್ಕೊಮ್ಮೆ ಅದನ್ನು ನೋಡಿ. ನನ್ನ ಕಾರಿನ ಹಿಂಬದಿಯ ಒಂದು ಟೈರಿನ ಅಂಕಿ ನಿಧಾನವಾಗಿ ಉಳಿದ ಮೂರಕ್ಕಿಂತ ಕೆಳಗೆ ಇಳಿಯುತ್ತಿದ್ದದ್ದು ಹೀಗೇ ಗೊತ್ತಾಯಿತು. ದೀಪ ಹತ್ತುವ ಮೊದಲೇ ಅದರಲ್ಲಿ ಚುಚ್ಚಿದ್ದ ಸಣ್ಣ ಮೊಳೆ ತೆಗೆಸಿದೆ. ನನಗೆ ಈ ವ್ಯವಸ್ಥೆಯ ನಿಜವಾದ ಲಾಭ ಇಲ್ಲಿದೆ.

ಬೇಸರ ತಂದದ್ದು ಟೈರ್ ಅಂಗಡಿಯ ಕೆಲಸ. ಈ ಸೆನ್ಸರ್‌ಗಳ ವಾಲ್ವ್ ಸಾಮಾನ್ಯವಾಗಿ ಅಲ್ಯೂಮಿನಿಯಂನದು. ಒಳಗಿನ ಪಿನ್ ನಿಕಲ್ ಲೇಪ ಇರುವುದೇ ಆಗಬೇಕು. ಮಾಮೂಲಿ ಹಿತ್ತಾಳೆ ಪಿನ್ ಹಾಕಿದರೆ ಎರಡು ಲೋಹಗಳ ನಡುವೆ, ನೀರು ಮತ್ತು ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪು ಸೇರಿ, ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಒಂದು ಅಂಗಡಿಯಲ್ಲಿ ಹಿತ್ತಾಳೆಯದ್ದೇ ಹಾಕಿ, ಮೇಲೆ ಚೆಂದದ ಲೋಹದ ಮುಚ್ಚಳ ಬಿಗಿದು ಕೊಟ್ಟರು. ಮುಂದಿನ ಚಳಿಗಾಲ ಕಳೆಯುವಷ್ಟರಲ್ಲಿ ಮುಚ್ಚಳ ಬಿಚ್ಚಲು ಬರಲಿಲ್ಲ, ಇಕ್ಕಳ ಹಾಕಿದಾಗ ವಾಲ್ವ್ ಮುರಿಯಿತು. ಒಳ್ಳೆಯ ಸೆನ್ಸರ್ ಇದ್ದೂ ಆ ಚಕ್ರ ಬಿಚ್ಚಿಸಬೇಕಾಯಿತು. ಪುಣ್ಯಕ್ಕೆ ನನ್ನದು ವಾಲ್ವ್ ಬೇರೆ, ಸೆನ್ಸರ್ ಬೇರೆಯಾಗಿ ಸ್ಕ್ರೂನಲ್ಲಿ ಜೋಡಿಸುವ ಮಾದರಿ. ಹಾಗಾಗಿ ವಾಲ್ವ್ ಮಾತ್ರ ಬದಲಾಯಿತು. ಕೊಳ್ಳುವಾಗ ಇಂಥ ಮಾದರಿಯನ್ನೇ ಆರಿಸಿ ಎನ್ನುವುದು ನನ್ನ ಬಲವಾದ ಸಲಹೆ. ಮುಚ್ಚಳ ಪ್ಲಾಸ್ಟಿಕ್‌ನದೇ ಇರಲಿ. ಟೈರ್ ಬಿಚ್ಚಿದ ಪ್ರತಿ ಸಲವೂ ರಬ್ಬರ್ ವಾಷರ್, ನಟ್, ಪಿನ್ ಹೊಸದು ಹಾಕಲು ಹೇಳಿ. ಇವು ಬಲು ಅಗ್ಗದ ಸಾಮಾನು. ಟೈರ್ ಬಿಚ್ಚುವ ಯಂತ್ರದ ಹಲಗೆ ವಾಲ್ವ್ ಹತ್ತಿರ ಒತ್ತದಂತೆ ಮೊದಲೇ ಎಚ್ಚರಿಸಿ. ಸೆನ್ಸರ್‌ಗಳು ಒಡೆಯುವುದು ರಸ್ತೆಗಿಂತ ಅಲ್ಲೇ ಜಾಸ್ತಿ ಎಂದು ನನಗನ್ನಿಸುತ್ತದೆ. ಪಂಚರ್‌ಗೆ ತುಂಬಿಸುವ ದ್ರವವೂ ಸೆನ್ಸರ್‌ನ ಸಣ್ಣ ರಂಧ್ರ ಮುಚ್ಚಬಹುದು, ಸೆನ್ಸರ್‌ಗೆ ಹೊಂದುತ್ತದೆ ಎಂದು ಬರೆದದ್ದನ್ನೇ ಕೊಳ್ಳಿ.

ಮನೆಯ ಇನ್ನೊಂದು ಕಾರಿನಲ್ಲಿ ಚಕ್ರದೊಳಗೆ ಸೆನ್ಸರೇ ಇಲ್ಲ. ಗಾಳಿ ಇಳಿದ ಟೈರಿನ ಸುತ್ತಳತೆ ಕೂದಲೆಳೆಯಷ್ಟು ಕಡಿಮೆಯಾಗಿ ಅದು ಉಳಿದವುಗಳಿಗಿಂತ ವೇಗವಾಗಿ ತಿರುಗುತ್ತದೆ. ಆ ವ್ಯತ್ಯಾಸವನ್ನು ಎಬಿಎಸ್ ಸೆನ್ಸರ್‌ಗಳಿಂದ ಹಿಡಿಯುವ ಪರೋಕ್ಷ ವ್ಯವಸ್ಥೆ ಅದು. ಚಕ್ರ ಬದಲಿಸುವುದು ಅದರಲ್ಲಿ ಬಲು ಸುಲಭ: ಗಾಳಿ ಸರಿ ಮಾಡಿ, ಮೆನುವಿನಲ್ಲಿ ರೀಸೆಟ್ ಒತ್ತಿದರೆ ಮುಗಿಯಿತು. ಬ್ಯಾಟರಿ ಇಲ್ಲ, ನಂಬರ್ ಇಲ್ಲ. ಆದರೆ ಗಾಳಿ ಸರಿ ಮಾಡದೆ ರೀಸೆಟ್ ಒತ್ತಿದರೆ ಆ ಕಡಿಮೆ ಗಾಳಿಯನ್ನೇ ಸರಿ ಎಂದು ಅದು ಕಲಿಯುತ್ತದೆ. ಅಂಕಿಯನ್ನೂ ತೋರಿಸುವುದಿಲ್ಲ. ನಾಲ್ಕೂ ಟೈರು ಸಮನಾಗಿ ಇಳಿದರೆ ಹಳೆಯ ಮಾದರಿಗಳಿಗೆ ಅದು ತಿಳಿಯುವುದೂ ಇಲ್ಲ. ಚಕ್ರ ಬದಲಿಸುವ ಸುಖ ಮಾತ್ರ ನೋಡಿದರೆ ಇದೇ ಗೆಲ್ಲುತ್ತದೆ. ನನಗೆ ಅಂಕಿ ಬೇಕು, ಆದ್ದರಿಂದ ನನ್ನ ಮತ ಚಕ್ರದೊಳಗಿನ ಸೆನ್ಸರ್‌ಗೇ.

ಸ್ಟೆಪ್ನಿಯಲ್ಲಿ ಸಾಮಾನ್ಯವಾಗಿ ಸೆನ್ಸರ್ ಇರುವುದಿಲ್ಲ. ಅದನ್ನು ಹಾಕಿದಾಗ ದೀಪ ಮಿನುಗಿ ಉರಿಯುವುದು ಸಹಜ.

ಇನ್ನು ಬ್ಯಾಟರಿ. ಅದನ್ನು ಅಂಟಿನಲ್ಲಿ ಹೂತಿರುತ್ತಾರೆ, ಬದಲಿಸಲು ಬರುವುದಿಲ್ಲ. ಬಾಳಿಕೆ ಸಾಮಾನ್ಯವಾಗಿ 5ರಿಂದ 10 ವರ್ಷ. ಬ್ಯಾಟರಿ ಸೋತಾಗ ಮೊದಲು ಒಂದು ಚಕ್ರದ ಅಂಕಿ ಆಗಾಗ ಮಾಯವಾಗುತ್ತದೆ, ಚಳಿಯಲ್ಲಿ ಜಾಸ್ತಿ. ನನ್ನ ಕಂಪನಿ ಸೆಟ್‌ನ ಒಂದು ಸೆನ್ಸರ್ ಈಗ ಹಾಗೆ ಮಾಡಲು ಶುರುಮಾಡಿದೆ. ಅದೊಂದನ್ನೇ ಬದಲಿಸಲು ಟೈರ್ ಬಿಚ್ಚಿಸುವುದಿಲ್ಲ. ಆ ಸೆಟ್‌ನ ಟೈರುಗಳೂ ಸವೆದಿವೆ. ಹೊಸ ಟೈರ್ ಹಾಕಿಸುವ ದಿನವೇ ನಾಲ್ಕಕ್ಕೂ ಹೊಸ ಸೆನ್ಸರ್ ಹಾಕಿಸಿ, ಈಗಿನ ನಂಬರ್‌ಗಳನ್ನೇ ಅವಕ್ಕೆ ಬರೆಸುತ್ತೇನೆ. ಹಳೆಯದು ಪೂರ್ತಿ ಸತ್ತ ಮೇಲೆ ಅದರ ನಂಬರ್ ಓದಲು ಬರುವುದಿಲ್ಲ. ಹಾಗಾಗಿ ನಾಲ್ಕೂ ನಂಬರನ್ನು ಓದಿಸಿ ಕಾರಿನ ಮ್ಯಾನ್ಯುಯಲ್‌ನ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಸೆನ್ಸರ್‌ಗಳು ಇನ್ನೂ ಮಾತಾಡುತ್ತಿರುವಾಗಲೇ ನೀವೂ ಓದಿಸಿ ಬರೆದಿಡಿ.