ಕರ್ಬಿ ಹಾಲ್: ಮಾಡು ಉಳಿದ ಕಡೆಗಿಂತ ಹೋದ ಕಡೆಯೇ ಹೆಚ್ಚು ಹೇಳುತ್ತದೆ

ಇಂಗ್ಲೆಂಡಿನ ನಾರ್ಥಾಂಪ್ಟನ್‌ಷೈರ್‌ನಲ್ಲಿ, ಕಾರ್ಬಿ ಪಟ್ಟಣದಿಂದ ಸ್ವಲ್ಪ ದೂರದಲ್ಲಿರುವ ಕರ್ಬಿ ಹಾಲ್‌ನ ಅರ್ಧ ಭಾಗಕ್ಕೆ ಮಾಡು, ಅಂದರೆ ಚಾವಣಿ, ಇಲ್ಲ. ಹಾಸಿಗೆ, ಕುರ್ಚಿ, ಬೆಳ್ಳಿ ತಟ್ಟೆ ನೋಡುವ ಆಸೆಯಿದ್ದರೆ ಬೇರೆ ಬಂಗಲೆಗೆ ಹೋಗಿ. 16ನೇ ಶತಮಾನದ ಸಿರಿವಂತರ ಮನೆಯನ್ನು ಹೇಗೆ ಕಟ್ಟುತ್ತಿದ್ದರು ಎಂಬ ಕುತೂಹಲವಿದ್ದರೆ ಇಷ್ಟು ಚೆನ್ನಾಗಿ ಪಾಠ ಹೇಳುವ ಕಟ್ಟಡ ಸಿಗುವುದು ಕಷ್ಟ. ಕಲ್ಲಿಗೆ ಪೂರ್ತಿ ಅಂಕ, ಒಳಕೋಣೆಗಳಿಗೆ ಅರ್ಧ.

ಕೆಲಸ ಶುರುವಾದದ್ದು 1570ರಲ್ಲಿ, ಸರ್ ಹಂಫ್ರಿ ಸ್ಟಾಫರ್ಡ್‌ಗಾಗಿ. ಮೇಸ್ತ್ರಿ ಥಾಮಸ್ ಥಾರ್ಪ್ ಇರಬೇಕು ಎಂಬುದು ಸಾಮಾನ್ಯ ಅಭಿಪ್ರಾಯ. ಅವನ ಮಗ ಜಾನ್ ಥಾರ್ಪ್ ಮುಂದೆ ತಾನು ಬರೆದ ನಕ್ಷೆಯ ಮೇಲೆ, ಈ ಮನೆಯ ಮೊದಲ ಕಲ್ಲನ್ನು 1570ರಲ್ಲಿ ಇಟ್ಟವನು ತಾನೇ ಎಂದು ಗುರುತು ಹಾಕಿಕೊಂಡಿದ್ದಾನೆ. ಆಗ ಅವನಿನ್ನೂ ಪುಟ್ಟ ಹುಡುಗ. ಆ ನಕ್ಷೆ ಈಗ ಲಂಡನ್ನಿನ ಸೋನ್ ಮ್ಯೂಸಿಯಂನಲ್ಲಿದೆ. 1575ರಲ್ಲಿ ಸ್ಟಾಫರ್ಡ್ ತೀರಿಕೊಂಡ. ಮುಗಿಯದ ಮನೆಯನ್ನು ಕೊಂಡವನು ಒಂದನೇ ಎಲಿಜಬೆತ್ ರಾಣಿಯ ಆಪ್ತ ಸರ್ ಕ್ರಿಸ್ಟೋಫರ್ ಹ್ಯಾಟನ್. ರಾಣಿಯನ್ನು ಬರಮಾಡಿಕೊಳ್ಳಲು ಮನೆ ಸಜ್ಜಾಯಿತು, ರಾಣಿ ಬರಲೇ ಇಲ್ಲ.

ನೋಡುವುದನ್ನು ಒಳ ಅಂಗಳದ ನಡುವಿನಿಂದ ಆರಂಭಿಸಿ. ಸುತ್ತಲಿನ ಗೋಡೆಗಳಿಗೆ ಅಂಟಿಕೊಂಡ ಅರೆಗಂಬಗಳು ನೆಲದಿಂದ ಎದ್ದು ಎರಡು ಅಂತಸ್ತನ್ನೂ ದಾಟಿ ಮೇಲಕ್ಕೆ ಹೋಗುತ್ತವೆ. ಅಂತಸ್ತಿಗೊಂದು ಚಿಕ್ಕ ಕಂಬ ಇಡುವುದು ಆಗಿನ ವಾಡಿಕೆ. ಎರಡಕ್ಕೂ ಸೇರಿ ಒಂದೇ ಕಂಬ ಎಬ್ಬಿಸಿದ್ದು ಇಂಗ್ಲೆಂಡಿನ ಮಟ್ಟಿಗೆ ಇಲ್ಲೇ ಮೊದಮೊದಲು. ಕಟ್ಟಿದವರು ರೋಮಿನ ಶೈಲಿಯನ್ನು ಕಲಿತದ್ದು ಮುದ್ರಿತ ಚಿತ್ರಪುಸ್ತಕಗಳಿಂದ. ಅದಕ್ಕೇ ಕಂಬದ ಮೇಲಿನ ಎಲೆಬಳ್ಳಿ, ದೀಪಗಂಬದ ಕೆತ್ತನೆಯಲ್ಲಿ ಪುಸ್ತಕದ ಮುಖಪುಟದ ಅಲಂಕಾರದ ವಾಸನೆ ಹೊಡೆಯುತ್ತದೆ. ತಪ್ಪೇನಿಲ್ಲ, ಸೊಗಸಾಗಿಯೇ ಇದೆ. ಕೆತ್ತನೆ ಎತ್ತರದಲ್ಲಿರುವುದರಿಂದ ದುರ್ಬೀನು ಒಯ್ಯಿರಿ.

ಈಗ ದಕ್ಷಿಣಕ್ಕೆ ತಿರುಗಿ ಮುಖಮಂಟಪವನ್ನು ನೋಡಿ. ಅದರ ಎರಡೂ ಬದಿಗೆ ಒಂದೇ ಥರದ ಎತ್ತರದ ಕಿಟಕಿಗಳಿವೆ. ಬಲಗಡೆಯವು ದೊಡ್ಡ ಹಾಲ್‌ಗೆ ಬೆಳಕು ಕೊಡುತ್ತವೆ, ಎತ್ತರಕ್ಕೆ ಅರ್ಥವಿದೆ. ಎಡಗಡೆ ಇದ್ದದ್ದು ಪಾನೀಯ, ದಿನಸಿ ಇಡುವ ಸೇವಾಕೋಣೆಗಳು, ಅವುಗಳ ಮೇಲೆ ಇನ್ನೊಂದು ಅಂತಸ್ತು. ಹೊರಗಿನ ಜೋಡಿ ಕೆಡಬಾರದೆಂದು ಅಲ್ಲಿಯೂ ಹಾಲ್‌ನ ಕಿಟಕಿಗಳನ್ನೇ ಕೂರಿಸಿದ್ದಾರೆ. ಅದಕ್ಕೆ ಹಿಂದಿನ ಇಂಗ್ಲಿಷ್ ಮನೆಗಳಲ್ಲಿ ಒಳಗಿನ ಅಗತ್ಯ ಹೇಳಿದಲ್ಲಿ ಕಿಟಕಿ ತೆರೆಯುತ್ತಿತ್ತು. ಇಲ್ಲಿ ಮುಖದ ಅಂದ ಗೆದ್ದು ಒಳಗಿನ ಅನುಕೂಲ ಹಿಂದೆ ಸರಿದಿದೆ. ಹಳೆಯ ಸಂಪ್ರದಾಯವೂ ಹೊಸ ಶೋಕಿಯೂ ಜಗಳವಾಡಿದ ಜಾಗ ಇದು. ಇಡೀ ಮನೆಯಲ್ಲಿ ಹತ್ತು ನಿಮಿಷ ನಿಂತು ನೋಡಬೇಕಾದದ್ದು ಒಂದೇ ಇದ್ದರೆ ಇದೇ.

ಈ ಮುಖ ಉತ್ತರಕ್ಕಿರುವುದರಿಂದ ದಿನದ ಬಹುಪಾಲು ನೆರಳಲ್ಲಿರುತ್ತದೆ, ಫೋಟೊ ಮಂಕಾಗುತ್ತದೆ. ಎದುರಿನ ಉತ್ತರದ ಕಟ್ಟಡಸಾಲಿನ ಕಮಾನು ಪಡಸಾಲೆಗೆ ಮಧ್ಯಾಹ್ನದ ಬಿಸಿಲು ನೇರ ಬೀಳುತ್ತದೆ. ಆ ಸಾಲಿನ ಕೆಲವು ಕಿಟಕಿಗಳು ಉಳಿದವಕ್ಕಿಂತ ಗಂಭೀರವಾಗಿ, ಅಚ್ಚುಕಟ್ಟಾಗಿ ಕಾಣುತ್ತವೆ. ಅವು 1638ರಿಂದ 1640ರ ನಡುವಿನ ತಿದ್ದುಪಡಿ, ಶಿಲ್ಪಿ ನಿಕೊಲಸ್ ಸ್ಟೋನ್ ಹೆಸರಿಗೆ ಸೇರಿದ್ದು. ಎಪ್ಪತ್ತು ವರ್ಷದಲ್ಲಿ ಅಭಿರುಚಿ ಎಷ್ಟು ಬದಲಾಯಿತೆಂದು ತಿಳಿಯಲು ಬೇರೆ ಕಡೆ ಹೋಗಬೇಕಿಲ್ಲ, ಅದೇ ಅಂಗಳದಲ್ಲಿ ಕತ್ತು ತಿರುಗಿಸಿದರೆ ಸಾಕು.

ಮಾಡು ಇಲ್ಲದ ಕಟ್ಟಡಸಾಲುಗಳಿಗೆ ಹೋದರೆ ಗೋಡೆಯೇ ನಕ್ಷೆಯಾಗುತ್ತದೆ. ಮೇಲೆ ಗಾಳಿಯಲ್ಲಿ ತೂಗುಬಿದ್ದಂತಿರುವ ಅಗ್ಗಿಷ್ಟಿಕೆ ಕಂಡರೆ ಅದರ ಬುಡದ ಮಟ್ಟವೇ ಹಳೆಯ ಮಹಡಿಯ ನೆಲ. ಸಾಲಾಗಿರುವ ಚೌಕ ಗುಳಿಗಳು ತೊಲೆಗಳ ತುದಿ ಕೂತಿದ್ದ ಜಾಗ. ಅಂಗಳಕ್ಕೆ ತೆರೆಯುವ ಬಾಗಿಲುಗಳನ್ನು ಎಣಿಸುತ್ತ ನಡೆಯಿರಿ: ಅತಿಥಿಗಳ ಕೋಣೆಗಳಿಗೆ ಒಳಗಿನಿಂದ ಉದ್ದನೆಯ ಓಣಿ ಇಲ್ಲದೆ ಹೊರಗಿನಿಂದಲೇ ಪ್ರವೇಶವಿತ್ತು, ಹಳೆಯ ಕಾಲೇಜುಗಳ ವಸತಿಯಂತೆ.

ಇಂಥ ಗೋಡೆ ಹಾಳಾಗುವ ಬಗೆಯೂ ತಿಳಿದಿರಲಿ. ಎರಡು ಬದಿಗೆ ಕೆತ್ತಿದ ಸುಣ್ಣಕಲ್ಲು, ನಡುವೆ ಕಲ್ಲುಚೂರು ಮತ್ತು ಸುಣ್ಣದ ಗಾರೆ. ಚಾವಣಿ ಇರುವವರೆಗೆ ಅದು ಗಟ್ಟಿ. ಚಾವಣಿ ಹೋದ ಮೇಲೆ ಮಳೆನೀರು ಗೋಡೆಯ ನೆತ್ತಿಯಿಂದ ಒಳಗಿಳಿದು ಗಾರೆಯನ್ನು ತೊಳೆಯುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿ ಮುಖದ ಕಲ್ಲನ್ನು ಹೊರಕ್ಕೆ ನೂಕುತ್ತದೆ. ಗೋಡೆಗಳನ್ನು ಒಂದಕ್ಕೊಂದು ಹಿಡಿದಿದ್ದ ತೊಲೆಗಳೂ ಇಲ್ಲವಾದಾಗ ಎತ್ತರದ ಗೋಡೆ ಒಂಟಿಯಾಗುತ್ತದೆ. ಕಲ್ಲುಗಳನ್ನು ಬಿಗಿದ ಕಬ್ಬಿಣದ ಕೊಂಡಿಗೆ ತುಕ್ಕು ಹಿಡಿದರೆ ಅದು ಉಬ್ಬಿ ಕಲ್ಲನ್ನೇ ಸೀಳುತ್ತದೆ. ಗಡಸು ಸಿಮೆಂಟಿನಿಂದ ಸಂದು ತುಂಬಿದರೆ ಇನ್ನೂ ಕೇಡು. ತೇವ ಸಂದಿನಿಂದ ಹೊರಬರಲಾಗದೆ ಮೆತ್ತನೆಯ ಕಲ್ಲಿನಿಂದಲೇ ಹೊರಬಂದು ಅದನ್ನು ಪುಡಿಮಾಡುತ್ತದೆ. ಸಂದು ಉಬ್ಬಿದ್ದು ಕಲ್ಲು ಗುಳಿಬಿದ್ದಿದ್ದರೆ ಇದೇ ಕಾರಣವೆಂದು ಮೊದಲು ಅನುಮಾನಿಸಬಹುದು. ಕರ್ಬಿ 1930ರಲ್ಲಿ ಸರ್ಕಾರದ ಆರೈಕೆಗೆ ಬಂತು, ಈಗ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ನೋಡಿಕೊಳ್ಳುತ್ತದೆ.

ಮಾಡು ಉಳಿದಿರುವುದು ದೊಡ್ಡ ಹಾಲ್ ಮತ್ತು ನೈರುತ್ಯ ಮೂಲೆಯ ದರ್ಬಾರು ಕೋಣೆಗಳಿಗೆ. ಹಾಲ್‌ನ ಮರದ ಬಾಗು ಚಾವಣಿ ನಿಜಕ್ಕೂ ಚೆಂದ. ಪಕ್ಕದ ಕೋಣೆಗಳಿಗೆ ಹಳೆಯ ಕಾಲಕ್ಕೆ ಹೊಂದುವಂತೆ ಮತ್ತೆ ಬಣ್ಣ ಬಳಿದು ಸಜ್ಜುಗೊಳಿಸಿದ್ದಾರೆ. ಕೆಲಸ ಶ್ರದ್ಧೆಯದು, ಆದರೆ ಹೊರಗಿನ ಸವೆದ ಕಲ್ಲನ್ನು ನೋಡಿ ಬಂದ ಕಣ್ಣಿಗೆ ತೀರಾ ನುಣುಪು. ಅಲ್ಲಿ ನೋಡಬೇಕಾದದ್ದು ಹೊರಕ್ಕೆ ಬಾಗಿದ ಎರಡು ದೊಡ್ಡ ಕಿಟಕಿಗಳು, ಹಾಯಿಹಡಗಿನ ಹಿಂಭಾಗದಂತೆ ಅಕ್ಕಪಕ್ಕ ನಿಂತಿವೆ. ಒಳಗಿನಿಂದ ನೋಡಿ ಮುಗಿಸಬೇಡಿ, ಹೊರಗೆ ಸುತ್ತಿ ತೋಟದ ಕಡೆಯಿಂದಲೂ ನೋಡಿ. ಇಷ್ಟೊಂದು ಗಾಜಿನ ನಡುವೆ ಭಾರ ಹೊರಬೇಕಾದದ್ದು ತೆಳ್ಳನೆಯ ಕಲ್ಲಿನ ಪಟ್ಟಿಗಳು.

ತೋಟ 17ನೇ ಶತಮಾನದ ಕೊನೆಯಲ್ಲಿ ಹೆಸರಾಗಿತ್ತು. ಈಗಿರುವುದು ಇತ್ತೀಚಿನ ಮರುರಚನೆ, ಕಾಲು ಗಂಟೆ ಸಾಕು. ಕಟ್ಟಡಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ. ತೆರೆದಿರುವ ದಿನಗಳು ಋತುವಿಗೆ ತಕ್ಕಂತೆ ಬದಲಾಗುವುದರಿಂದ ಹೊರಡುವ ಮುನ್ನ ನೋಡಿಕೊಳ್ಳಿ. ಮಳೆ ಬಂದರೆ ನಿಲ್ಲಲು ಜಾಗ ಕಡಿಮೆ, ಒದ್ದೆ ಕಲ್ಲು ಜಾರುತ್ತದೆ, ಒಳ್ಳೆಯ ಹಿಡಿತದ ಬೂಟು ಇರಲಿ.